ಮುಯ್ಯಾಳು ಹತ್ತಿದ ಹಡಗು

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಪ್ಲಾಸ್ಟಿಕ್ ಕಾರ್ಡು ತೂಗುತ್ತಿದೆ. ನೀಲಿ ಪಟ್ಟಿ, ತುದಿಗೆ ಅಂಗೈಯಗಲದ ಕಾರ್ಡು, ಅದರ ಮೇಲೆ ದಪ್ಪನೆಯ ಇಂಗ್ಲಿಷ್ ಅಕ್ಷರಗಳಲ್ಲಿ ‘ಬನ್ನಿ’ ಎಂದು ಬರೆದಿದೆ. ಮನೆಗೆ ಬಂದವರೆಲ್ಲ ಅದನ್ನು ಸ್ವಾಗತದ ಬೋರ್ಡು ಎಂದೇ ತಿಳಿಯುತ್ತಾರೆ. ಮೊನ್ನೆ ಸಿಲಿಂಡರ್ ತಂದವನು ಅದನ್ನು ಕೂಡಿಸಿ ಕೂಡಿಸಿ ಓದಿ, “ಬನ್ನಿ ಅಂತ ಬೋರ್ಡೇನೋ ಹಾಕ್ಬುಟ್ಟಿದ್ದೀರಿ, ಒಂದ್ ಲೋಟ ನೀರ್ ಕೊಡೋರಿಲ್ಲ” ಎಂದ. ನನ್ನ ಹೆಂಡತಿ ಗೌರಮ್ಮಣ್ಣಿ ಅವನಿಗೆ ನೀರು ಬಿಟ್ಟು ಮಜ್ಜಿಗೆಯನ್ನೇ ಕೊಟ್ಟಳು. ಆ ಕಾರ್ಡನ್ನು ಗಮನಿಸಿದವರ ವಿಷಯದಲ್ಲಿ ಅವಳದು ಧಾರಾಳ ಕೈ.

ಚಾಮರಾಜನಗರದ ನಮ್ಮ ಬೀದಿಯಲ್ಲಿ ಹಡಗು ಹತ್ತಿ ಇಳಿದವರು ನಾವಿಬ್ಬರೇ. ಹಡಗಿನಲ್ಲಿ ಕೆಲಸ ಮಾಡಿ ಬಂದವಳು ಅವಳೊಬ್ಬಳು. ಆದರೆ ಹಡಗಿನವರು ಕರೆದದ್ದು ನನ್ನನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದ ಎಂದುಕೊಳ್ಳುತ್ತೀರಿ. ಹೊಟ್ಟೆಕಿಚ್ಚು ಇರುವುದೂ ನಿಜ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಪೀರಿಯಡ್ ಅನ್ನುವುದು ಟೈಮ್ ಟೇಬಲ್‌ನಲ್ಲಿ ಇರುತ್ತದೆ, ತರಗತಿಯಲ್ಲಿ ಇರುವುದಿಲ್ಲ. ಗಂಟೆ ಹೊಡೆದು ನಾನು ಒಳಗೆ ಕಾಲಿಡುವಷ್ಟರಲ್ಲಿ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, “ಸಾರ್, ಇದೊಂದ್ ಪೀರಿಯಡ್” ಎನ್ನುತ್ತಿದ್ದರು. ನಾನು ಚಾಕ್‌ಪೀಸು ಅವರ ಕೈಗೆ ಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಕೂರುತ್ತಿದ್ದೆ. ‘ಇದೊಂದು ಪೀರಿಯಡ್’ ಮೂವತ್ತು ವರ್ಷ ನಡೆಯಿತು. ಆ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಬಂದವರು ವಿಜ್ಞಾನದವರು. ಅವರು ಕೇಳುತ್ತಲೂ ಇರಲಿಲ್ಲ.

ಅಪರೂಪಕ್ಕೆ ಪಾಠ ಮಾಡಲು ಸಿಕ್ಕಿದಾಗ ನಾನು ಕಲಿಸುತ್ತಿದ್ದದ್ದು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಆಕಾಶದಲ್ಲಿ ರೈಟ್ ಮಾರ್ಕಿನ ಹಾಗೆ ನಾಲ್ಕು ಹಕ್ಕಿ. ಈ ಜಿಲ್ಲೆಯಲ್ಲಿ ಈಗ ನಲವತ್ತರ ಆಸುಪಾಸಿನಲ್ಲಿರುವ ಯಾರಿಗಾದರೂ ಪೆನ್ಸಿಲ್ ಕೊಟ್ಟು ನೋಡಿ, ಇದನ್ನೇ ಬರೆಯುತ್ತಾರೆ. ಅದರಲ್ಲಿ ನನ್ನ ಪಾಲೂ ಇದೆ ಎಂದುಕೊಂಡು ನಾನು ಸಮಾಧಾನಪಟ್ಟುಕೊಂಡಿದ್ದೇನೆ.

ಕಲೆ ಕೊಟ್ಟು ಬಿಟ್ಟಿ ಪ್ರಯಾಣ ಮಾಡುವುದು ನನಗೆ ಹಡಗಿನಿಂದ ಶುರುವಾದದ್ದಲ್ಲ. ಮದುವೆ ಗೊತ್ತಾದ ವರ್ಷ ಗುಂಡ್ಲುಪೇಟೆ ಕಡೆಗೆ ಓಡಾಡುತ್ತಿದ್ದ ಒಂದು ಖಾಸಗಿ ಬಸ್ಸಿಗೆ ನಾನು ಬೋರ್ಡು ಬರೆದುಕೊಟ್ಟೆ. ಅದಕ್ಕೆ ಪ್ರತಿಯಾಗಿ ಒಂದು ವರ್ಷ ಟಿಕೆಟ್ ಇಲ್ಲದೆ ಓಡಾಡಬಹುದು ಎಂದು ಮಾತಾಗಿತ್ತು. ಹೆಣ್ಣಿನ ಮನೆ ಇದ್ದದ್ದು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ಹಂಗಳದಲ್ಲಿ. ಮದುವೆಗೆ ಮುಂಚೆ ಅಲ್ಲಿಗೆ ಹೋಗಲು ನನಗೆ ಯಾವ ಕಾರಣವೂ ಇರಲಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಹೋಗುತ್ತಿದ್ದೆ. ಆ ಅವಸರದಲ್ಲಿ ಬೋರ್ಡಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ಬಸ್ಸು ವರ್ಷವಿಡೀ ‘ಗುಡ್ಲುಪೇಟೆ’ಗೆ ಓಡಾಡಿತು. ಯಾರೂ ದಾರಿ ತಪ್ಪಲಿಲ್ಲ. ಗೌರಮ್ಮಣ್ಣಿಯ ಮನೆಯಲ್ಲಿ ಮಾತ್ರ ನನ್ನನ್ನು ಇವತ್ತಿಗೂ ಸೊನ್ನೆ ಮೇಷ್ಟ್ರು ಎನ್ನುತ್ತಾರೆ. ನನಗೆ ಕೇಳಿಸುವ ಹಾಗೆ ಅನ್ನುವುದಿಲ್ಲ, ಅಷ್ಟು ಮರ್ಯಾದೆ ಉಳಿಸಿದ್ದಾರೆ.

ಹಂಗಳದಲ್ಲಿ ನನ್ನ ಭಾವಮೈದ ಚೆಂಡುಹೂ ಬೆಳೆಯುತ್ತಾನೆ. ಓಣಂ ಹತ್ತಿರ ಬಂತೆಂದರೆ ಕೇರಳದಿಂದ ಜೋಸೇಟ್ಟ ಎಂಬ ಹೂವಿನ ವ್ಯಾಪಾರಿ ಲಾರಿ ತಂದು, ಚೀಲಗಟ್ಟಲೆ ಹೂ ತುಂಬಿಸಿಕೊಂಡು ಹೋಗುತ್ತಾನೆ. ಅವನ ಅಳಿಯ ಕೊಚ್ಚಿಯಲ್ಲಿ ಪ್ರವಾಸಿ ಹಡಗುಗಳಿಗೆ ಹೂವು, ತರಕಾರಿ ಒದಗಿಸುವವನು. ಒಂದು ಸಲ ನಾನು ನೆಂಟರ ಮನೆ ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾಗ ಜೋಸೇಟ್ಟ ಬಂದು ಪಕ್ಕದಲ್ಲಿ ಕೂತ.

“ಮಾಷೆ, ಕಪ್ಪಲಲ್ಲಿ ಚಿತ್ರ ಕಲಿಸಾಕೆ ಒಂದು ಆಳ್ ಬೇಕಂತೆ” ಎಂದ. ಹಡಗಿಗೆ ಅವನು ಕಪ್ಪಲ್ ಎನ್ನುತ್ತಾನೆ, ಮೇಷ್ಟ್ರಿಗೆ ಮಾಷೆ, ಸಾಕು ಎನ್ನುವುದಕ್ಕೆ ಮತಿ. “ರೂಮು ಫ್ರೀ, ಊಟ ಫ್ರೀ. ಜೊತೆಗೆ ಒಬ್ಬರಿಗೂ ಫ್ರೀ. ನೀವು ಪಾಠ ಮಾತ್ರ ಮಾಡಿದರೆ ಮತಿ.”

“ಅಲ್ಲಿ ಗಣಿತದ ಮೇಷ್ಟ್ರು ಇರ್ತಾರಾ?” ಎಂದು ಕೇಳಿದೆ.

ಜೋಸೇಟ್ಟನಿಗೆ ಅರ್ಥವಾಗಲಿಲ್ಲ. ಅವನಿಗೆ ಅರ್ಥವಾಗುವುದೂ ಬೇಕಿರಲಿಲ್ಲ. ನಿಮಗೆ ನಿಜ ಹೇಳುತ್ತೇನೆ, ಆ ಜಗಲಿಯ ಮೇಲೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಡ್ರಾಯಿಂಗ್ ಪಾಠ ಬೇಕು ಎಂದು ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಕೇಳಿಕೊಂಡು ಬಂದಿರಲಿಲ್ಲ. ಸುಣ್ಣ ಜಾಸ್ತಿಯಾಯಿತು ಎಂದು ಕಣ್ಣೊರೆಸಿಕೊಂಡೆ.

ಗೌರಮ್ಮಣ್ಣಿಗೆ ಸಮುದ್ರದ ಮೇಲೆ ವಿಶೇಷ ಆಸೆಯೇನೂ ಇರಲಿಲ್ಲ. ನೀರು ತಾನೇ, ಕೆರೆಯಲ್ಲೂ ಅದೆ ಎಂಬುದು ಅವಳ ನಿಲುವು. ನಾನು ಹಡಗಿನ ಫೋಟೋ ತೋರಿಸಿದೆ, ಸೂರ್ಯಾಸ್ತದ ಫೋಟೋ ತೋರಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದಳು.

“ಅಡುಗ ಯಾರ್ ಮಾಡದು?”

“ಅವ್ರೇ ಮಾಡ್ತಾರೆ. ನೀನು ತಟ್ಟೆ ಹಿಡ್ಕೊಂಡು ಹೋದ್ರಾಯ್ತು. ತಟ್ಟೆ ತೊಳೆಯೋದೂ ಅವ್ರೇ.”

ಅವಳು ಅವರೆಕಾಯಿ ಕೆಳಗಿಟ್ಟಳು. “ಐದು ದಿನವೂವಾ?”

“ಐದು ದಿನವೂ.”

“ಐದು ದಿನ ಒಲ ಮುಂದ ನಿಲ್ಲಂಗಿಲ್ಲ ಅಂದ್ರ ಹಡಗಾದ್ರೇನು, ಎತ್ತಿನ ಗಾಡಿಯಾದ್ರೇನು. ಹೋಗನ ನಡೀರಿ” ಎಂದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳು ಬಾಯಿ ಬಿಟ್ಟು ಬೇಕು ಎಂದ ಮೊದಲ ವಸ್ತು ಅದು. ನಾನು ಅದುವರೆಗೆ ಅವಳಿಗೆ ಏನೂ ಬೇಕಿಲ್ಲ ಎಂದೇ ತಿಳಿದಿದ್ದೆ.

ಹಡಗಿನವರ ಕಾಗದ ಬಂತು. ಕೊಚ್ಚಿಯಿಂದ ಗೋವಾ, ಮುಂಬೈ, ತಿರುಗಿ ಕೊಚ್ಚಿ. ನಾಲ್ಕು ಪಾಠ ಮಾಡಬೇಕು. ಪಾಠ ತಪ್ಪಿದರೆ ಮುಂದಿನ ಬಂದರಿನಲ್ಲಿ ಇಬ್ಬರೂ ಇಳಿದು ನಮ್ಮ ದಾರಿ ನಾವು ನೋಡಿಕೊಳ್ಳಬೇಕು. ನಾನು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಗೌರಮ್ಮಣ್ಣಿ, “ಅಂದ್ರ ಇದು ಮುಯ್ಯಿ” ಎಂದಳು. “ಅವ್ರ ಕೆಲ್ಸ ನಾವ್ ಮಾಡದು, ನಮ್ಮನ್ನ ಅವ್ರು ಕರ್ಕ ಓಗದು. ಇದ್ಕ ಇಷ್ಟುದ್ದ ಇಂಗ್ಲೀಸ್ ಯಾಕ ಬೇಕಾಗಿತ್ತು?”

ಪೇಟೆಯಲ್ಲೇ ಹುಟ್ಟಿ ಬೆಳೆದವರಿಗೆ ಮುಯ್ಯಿ ಎಂದರೆ ಮದುವೆ ಮನೆಯ ಕವರು. ನಮ್ಮ ಕಡೆ ಅದು ಹೊಲದ ಮಾತು. ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ ಬಂದರೆ ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬರಬೇಕು. ಹಾಗೆ ಬರುವವರು ಮುಯ್ಯಾಳು. ಕೂಲಿ ಇಲ್ಲ, ಊಟ ಉಂಟು. ಒಂದು ಮುಖ್ಯವಾದ ವಿಷಯವೆಂದರೆ ಮುಯ್ಯಿ ಇರುವುದು ಮನೆಗೂ ಮನೆಗೂ, ಆಳಿಗೂ ಆಳಿಗೂ ಅಲ್ಲ. ಗಂಡನಿಗೆ ಜ್ವರ ಬಂದರೆ ಹೆಂಡತಿ ಹೋಗುತ್ತಾಳೆ, ಅವಳಿಗೂ ಆಗದಿದ್ದರೆ ಮಗ ಹೋಗುತ್ತಾನೆ. ಯಾಕೆ ಇವರು ಬಂದರು ಎಂದು ಹೊಲದವರು ಕೇಳುವಂತಿಲ್ಲ.

ಹಾಗೆ ಹೋದ ಮಗ ನಾನೊಮ್ಮೆ ಆಗಿದ್ದೆ. ನಮ್ಮದು ಹರದನಹಳ್ಳಿ. ಅರಿಸಿನ ಕೀಳುವ ಕಾಲ, ಪಕ್ಕದ ಹೊಲದ ಪುಟ್ಟಮಾದಪ್ಪನಿಗೆ ನಮ್ಮ ಮನೆಯಿಂದ ಒಂದಾಳು ಹೋಗಬೇಕಿತ್ತು. ಅಪ್ಪ ಚಳಿಜ್ವರದಲ್ಲಿ ಮಲಗಿದ್ದ. ಅವ್ವ ನಮ್ಮ ಅರಿಸಿನ ಬೇಯಿಸುವ ಕೊಪ್ಪರಿಗೆಯ ಮುಂದೆ ನಿಂತಿದ್ದಳು, ಬಿಟ್ಟು ಹೋಗುವಂತಿರಲಿಲ್ಲ. ಹನ್ನೆರಡು ವರ್ಷದ ನನ್ನನ್ನು ಕಳಿಸಿದಳು. ಗೆಡ್ಡೆಯ ಮಣ್ಣು ಬಿಡಿಸಿ, ಬೇರು ಚಿವುಟಿ, ಗುಡ್ಡೆ ಹಾಕುವ ಕೆಲಸ. ನಾನು ಗೆಡ್ಡೆಗಳಲ್ಲಿ ಆನೆಯಂತೆ ಕಾಣುವವು, ಮನುಷ್ಯನಂತೆ ಕಾಣುವವು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತಾ ಕೂತೆ. ಡ್ರಾಯಿಂಗ್ ಮೇಷ್ಟ್ರ ಲಕ್ಷಣ ಆಗಲೇ ಕಂಡಿತ್ತು.

ಸಂಜೆ ಪುಟ್ಟಮಾದಪ್ಪ ನನ್ನನ್ನು ಮನೆಗೆ ಬಿಟ್ಟು, “ನಿನ್ ಹೈದ ಅರೆ ಆಳು ಕಣವ್ವ” ಎಂದ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಳದಿ ಹತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು ನಾನು ನೆಲ ನೋಡುತ್ತಾ ನಿಂತಿದ್ದೆ. ಅವ್ವ ಕೊಪ್ಪರಿಗೆಯ ಕಡೆಯಿಂದ ತಿರುಗಲೂ ಇಲ್ಲ. “ಪೂರಾ ಅಂತ್ಲೇ ಇಟ್ಕ. ಕಮ್ಮಿ ಬಿದ್ರ ನಾನ್ ಅವ್ನಲ್ಲ” ಎಂದಳು, ಕಮ್ಮಿ ಬಿದ್ದದ್ದನ್ನು ತುಂಬಲು ನಾನಿದ್ದೇನಲ್ಲ ಎಂಬ ಅರ್ಥದಲ್ಲಿ. ಮಾರನೆಯ ದಿನ ನಮ್ಮ ಕೆಲಸ ಮುಗಿಸಿ ಅವಳು ಅವನ ಹೊಲಕ್ಕೂ ಹೋಗಿ ಬಂದಳು. ಆ ಮಾತನ್ನು ಅವ್ವ ಮತ್ತೆಂದೂ ಎತ್ತಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ನನ್ನ ಮದುವೆ ಗೊತ್ತಾಗುವ ಮುಂಚೆಯೇ ಅವಳು ತೀರಿಕೊಂಡಳು.

ಹಡಗಿಗೆ ಬರೋಣ. ಮಳೆಗಾಲ ಪೂರ್ತಿ ಮುಗಿದಿರಲಿಲ್ಲ. ಅದಕ್ಕೇ ಜನ ಕಮ್ಮಿ, ಅದಕ್ಕೇ ನನ್ನಂಥವನಿಗೂ ಜಾಗ. ಹತ್ತಿದ ಸಂಜೆ ಗೌರಮ್ಮಣ್ಣಿ ಊಟದ ಹಾಲಿನಲ್ಲಿ ತಟ್ಟೆ ಹಿಡಿದು ಎರಡು ಸುತ್ತು ಸುಮ್ಮನೆ ನಡೆದಳು. ಊಟವಾದ ಮೇಲೆ ಎಂಜಲು ತಟ್ಟೆ ಹಿಡಿದು ನಲ್ಲಿ ಹುಡುಕುತ್ತಿದ್ದಾಗ ಒಬ್ಬ ಬಿಳಿ ಅಂಗಿಯವನು ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಅವನು ಮರೆಯಾಗುವವರೆಗೂ ಅವಳು ಅವನನ್ನೇ ನೋಡುತ್ತಿದ್ದಳು. ನನ್ನನ್ನು ಹಾಗೆ ನೋಡಿದ ನೆನಪಿಲ್ಲ.

ಎರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಮೊದಲ ಪಾಠ, ಜಲವರ್ಣ ಚಿತ್ರಕಲೆ. ಆರು ಜನ ಬಂದಿದ್ದರು. ಎಲ್ಲರೂ ನಿವೃತ್ತರು, ಎಲ್ಲರೂ ಕನ್ನಡಕ ಹಾಕಿಕೊಂಡು ತಯಾರಾಗಿದ್ದರು. ನಾನು ಬೋರ್ಡಿನ ಮೇಲೆ ಎರಡು ಬೆಟ್ಟ ಬರೆದೆ. ನಡುವೆ ಸೂರ್ಯನನ್ನು ಬರೆಯುವಾಗ ಕಿಟಕಿಯಾಚೆ ಸಮುದ್ರ ಮೇಲಕ್ಕೆ ಹೋಯಿತು. ಹಕ್ಕಿ ಬರೆಯುವಾಗ ಕೆಳಕ್ಕೆ ಬಂತು. ಬಣ್ಣದ ನೀರಿನ ಮಗ್ಗುಗಳು ಮೇಜಿನ ಈ ತುದಿಯಿಂದ ಆ ತುದಿಗೆ ತಾವಾಗಿಯೇ ಹೋಗಿ ಬರುತ್ತಿದ್ದವು. ಹೊಳೆಗೆ ಬರುವಷ್ಟರಲ್ಲಿ ಒಂದು ಮಗ್ಗು ನನ್ನ ಕೈಗೆ ಸಿಕ್ಕಿತು. ಮುಂದೆ ಆದದ್ದನ್ನು ವಿವರಿಸುವುದಿಲ್ಲ. ಮಗ್ಗು ಸಾಲಲಿಲ್ಲ ಎಂದಷ್ಟೇ ಹೇಳುತ್ತೇನೆ.

ಡಾಕ್ಟರು ಬಂದು ಮಾತ್ರೆ ಕೊಟ್ಟು, ಎರಡು ದಿನ ಏಳಬಾರದು ಎಂದರು. ನನಗೂ ಏಳುವ ವಿಚಾರವಿರಲಿಲ್ಲ. ನಡೆದ ಅರ್ಧ ಪಾಠವನ್ನು ಹಡಗಿನವರು ದೊಡ್ಡ ಮನಸ್ಸು ಮಾಡಿ ಒಂದು ಪಾಠ ಎಂದೇ ಹಿಡಿದರು. ಆದರೆ ಎರಡನೆಯ ಪಾಠ ಅದೇ ದಿನ ಸಂಜೆ ನಾಲ್ಕಕ್ಕಿತ್ತು. ಅದು ತಪ್ಪಿದರೆ ಬೆಳಗಾದರೆ ಗೋವಾ, ನಾವಿಬ್ಬರೂ ದಡ.

“ಈಗೇನ್ ಮಾಡದು?” ಎಂದು ನಾನು ಗೋಡೆಗೆ ಮುಖ ಮಾಡಿ ಕೇಳಿದೆ. ಮೂವತ್ತು ವರ್ಷ ಕಾದು ಸಿಕ್ಕಿದ ಪೀರಿಯಡ್ಡು, ಈ ಸಲ ಕಿತ್ತುಕೊಳ್ಳಲು ಗಣಿತದವರೂ ಬೇಕಾಗಲಿಲ್ಲ. ನನಗೆ ನಿಜವಾಗಿ ಅಳು ಬಂದಿತ್ತು.

ಗೌರಮ್ಮಣ್ಣಿ ಮಧ್ಯಾಹ್ನದ ಊಟ ಮುಗಿಸಿ ಬಂದು ಮಂಚದ ತುದಿಯಲ್ಲಿ ಕೂತಿದ್ದಳು. ಇನ್ನೂ ಮೂರು ದಿನದ ಊಟ ಬಾಕಿಯಿತ್ತು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. “ಮಾಡದೇನು? ಮನೆ ಆಳ್ಗ ಆಗ್ದಿದ್ರ ಮನೆಯೋರ್ ಓಯ್ತಾರ. ಮನಿಕಳಿ ನೀವು” ಎಂದು ಬಾಗಿಲೆಳೆದುಕೊಂಡು ಹೋದಳು. ಅವಳಿಗೆ ಚಿತ್ರ ಬರೆಯಲು ಬರುವುದಿಲ್ಲ ಎಂದು ನೆನಪಿಸಲು ನಾನು ಬಾಯಿ ತೆರೆದೆ. ಬಾಯಿ ತೆರೆಯುವುದು ಆ ಹೊತ್ತಿನಲ್ಲಿ ಕ್ಷೇಮವಲ್ಲವೆಂದು ಮುಚ್ಚಿದೆ.

ಮುಂದಿನದು ನಾನು ನೋಡಿದ್ದಲ್ಲ, ಅವಳಿಂದಲೂ ಬೇರೆಯವರಿಂದಲೂ ಕೇಳಿ ಕೂಡಿಸಿದ್ದು. ಪಾಠದ ಕೋಣೆಗಳಿದ್ದ ಕಡೆ ಅಶ್ವತಿ ಎಂಬ ಮಲಯಾಳಿ ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಳು. ಹಡಗಿನ ಪಾಠ, ಆಟ, ಮನರಂಜನೆ ಎಲ್ಲ ನೋಡಿಕೊಳ್ಳುವವಳು ಅವಳೇ. ಸೀರೆ ಉಟ್ಟು ಬಂದ ಗೌರಮ್ಮಣ್ಣಿಯನ್ನು ತಮ್ಮ ಕಡೆಯವಳೆಂದೇ ತಿಳಿದು, ನೀವು ಯಾರು ಎಂದು ಮಲಯಾಳದಲ್ಲಿ ಕೇಳಿದಳು. ಗೌರಮ್ಮಣ್ಣಿಗೆ ಹೂವಿನ ವ್ಯಾಪಾರದಿಂದ ಕಲಿತ ಮಲಯಾಳ ಒಂದಿಷ್ಟು ಬರುತ್ತದೆ. ಒಂದರಿಂದ ನೂರರವರೆಗೆ ಎಣಿಕೆ, ಹೂವು, ಚೀಲ, ಮತ್ತು ‘ನಾಳೆ’. ಪ್ರಶ್ನೆ ಅರ್ಥವಾಯಿತು. ಉತ್ತರವನ್ನು ಕನ್ನಡದಲ್ಲೇ ಕೊಟ್ಟಳು.

“ನಾನ್ ಮುಯ್ಯಾಳು.”

ಮಲಯಾಳದಲ್ಲಿ ಮುಯಲ್ ಎಂದರೆ ಮೊಲ. ‘ಞಾನ್ ಮುಯಲಾಣ್’ ಎಂದರೆ ನಾನು ಮೊಲ. ಚೆಂಡುಹೂವಿನ ವ್ಯಾಪಾರದಲ್ಲಿ ಮೊಲದ ಮಾತು ಬರುವುದಿಲ್ಲವಾದ್ದರಿಂದ ಇದು ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಅದೇ ನಾಲ್ಕು ಗಂಟೆಗೆ ಪಕ್ಕದ ಕೋಣೆಯಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ಮೊಲದ ವೇಷ ಹಾಕಬೇಕಿದ್ದ ಹೆಂಗಸು ಕೊಚ್ಚಿಯಲ್ಲಿ ಹಡಗು ಹತ್ತಿರಲೇ ಇಲ್ಲ. ಕಡೇ ಗಳಿಗೆಯಲ್ಲಿ ಬೇರೆ ಯಾರನ್ನೋ ಕಳಿಸಿದ್ದಾರೆ ಎಂದುಕೊಂಡ ಅಶ್ವತಿ, ಅರ್ಧ ಗಂಟೆಯಿಂದ ಕಾಯುತ್ತಿದ್ದೇನೆ ಎಂದು ಸಣ್ಣಗೆ ಗದರಿ, ಮೊಲದ ಕಾರ್ಡನ್ನು ಅವಳ ಕೊರಳಿಗೆ ಹಾಕಿ, ಕೈಹಿಡಿದು ಮಕ್ಕಳ ಕೋಣೆಯೊಳಕ್ಕೆ ಬಿಟ್ಟಳು. ಇಂಗ್ಲಿಷಿನಲ್ಲಿ ಮಕ್ಕಳು ಮೊಲವನ್ನು ಮುದ್ದಾಗಿ ಕರೆಯುವ ಹೆಸರು ಬನ್ನಿ. ಗೌರಮ್ಮಣ್ಣಿ ಕಾರ್ಡಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಕೊಂಡಳು. ಆಮೇಲೆ ನನಗೆ, “ಎಷ್ಟ್ ಮರ್ಯಾದಸ್ಥರು ಕಣಿ, ಕೆಲ್ಸದೋರ್ಗೂ ಬನ್ನಿ ಅಂತಾರ” ಎಂದಳು.

ಒಳಗೆ ಇಪ್ಪತ್ತು ಮಕ್ಕಳಿದ್ದವು. ಒಂದು ಕುರ್ಚಿಯ ಮೇಲೆ ಮೊಲದ ತಲೆಯಿತ್ತು, ಉದ್ದ ಕಿವಿಯದ್ದು, ಒಳಗೆ ಟೊಳ್ಳು. ಮೂಲೆಯಲ್ಲಿ ಓಣಂ ಅಲಂಕಾರಕ್ಕೆ ತರಿಸಿ ಮಿಕ್ಕಿದ್ದ ಚೆಂಡುಹೂವಿನ ಎರಡು ಚೀಲ. ಗೌರಮ್ಮಣ್ಣಿ ಮಕ್ಕಳನ್ನು ನೋಡುವ ಮುಂಚೆ ಚೀಲ ನೋಡಿದಳು. ಚೀಲದ ಬಾಯಿಗೆ ಹಾಕಿದ ಹುರಿಯ ಗಂಟು ಅವಳ ತಮ್ಮನದು. ಹಂಗಳದಲ್ಲಿ ಎರಡು ಸುತ್ತು ಸುತ್ತಿ ಒಳಗಿನಿಂದ ಎಳೆಯುವವನು ಅವನೊಬ್ಬನೇ. ಇನ್ನು ಅವಳಿಗೆ ಯಾವ ಸಂಕೋಚವೂ ಉಳಿಯಲಿಲ್ಲ. ತವರಿನ ಹೂವು, ಮುಯ್ಯಿಗೆ ಬಂದವಳು ಅವಳು, ಕೂತು ಕಟ್ಟದೆ ಏನು ಮಾಡಬೇಕು? ಗಂಟು ಬಿಚ್ಚಿ, ಮೊಲದ ತಲೆಯನ್ನು ಬೋರಲು ತಿರುಗಿಸಿ, ಅದರ ತುಂಬ ಹೂ ಸುರಿದುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಳು. ಮಕ್ಕಳ ಕೈಗೆ ಸೂಜಿ ಕೊಡುವಂತಿರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಬಲೂನು ಕಟ್ಟುವ ದಾರ ತೆಗೆದುಕೊಂಡು ಬೆರಳಲ್ಲೇ ಕುಣಿಕೆ ಹಾಕಿ ತೋರಿಸಿದಳು. ಮೊಲವೆಂದು ಒಳಗೆ ಬಂದವಳು ಮೊಳ ಹಾಕಿಸಲು ಕೂತಿದ್ದಳು.

ಪಕ್ಕದ ಕೋಣೆಯಲ್ಲಿ ನನಗಾಗಿ ಕಾದಿದ್ದ ಆರು ಜನ ಕುಂಚ ಹಿಡಿದುಕೊಂಡೇ ಈ ಕಡೆ ಬಂದು ಇಣುಕಿದರು. ಆಮೇಲೆ ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ಮಂಡಿ ನೋವಿನವರಿಗೆ ಕುರ್ಚಿ ಕೊಟ್ಟರು. ಐದು ಗಂಟೆಗೆ ಮುಗಿಯಬೇಕಾದದ್ದು ಆರಾದರೂ ಮುಗಿಯಲಿಲ್ಲ.

ಆರೂವರೆಗೆ ಅಶ್ವತಿ ನಮ್ಮ ಕೋಣೆಗೆ ಬಂದಳು. ಚಿತ್ರದ ಮೇಷ್ಟ್ರು ಪಾಠಕ್ಕೆ ಯಾಕೆ ಬರಲಿಲ್ಲ, ಬೆಳಿಗ್ಗೆ ಗೋವಾದಲ್ಲಿ ಇಳಿಯಬೇಕಾಗುತ್ತದೆ ಎಂದು ಹೇಳಲು ಬಂದವಳು. ಬಂದರೆ ಅವಳ ಮೊಲ ನನ್ನ ಮಂಚದ ಪಕ್ಕದಲ್ಲಿ ಕೂತು ನನಗೆ ಗಂಜಿ ಕುಡಿಸುತ್ತಿತ್ತು. ಅವಳು ಪಟ್ಟಿ ನೋಡಿದಳು, ನಮ್ಮನ್ನು ನೋಡಿದಳು. ನಾನು ಮಲಗಿದಲ್ಲಿಂದಲೇ ನನಗೆ ಬರುವ ಇಂಗ್ಲಿಷಿನಲ್ಲಿ ಮುಯ್ಯಾಳು ಎಂದರೇನು ಎಂದು ವಿವರಿಸಿದೆ. ಹೊಲ, ಅರಿಸಿನ, ಮನೆಗೂ ಮನೆಗೂ, ಎಲ್ಲ ಹೇಳಿದೆ. ಪುಟ್ಟಮಾದಪ್ಪನ ವಿಷಯ ಬಿಟ್ಟೆ.

“ಮುಯ್ಯಾಳು” ಎಂದಳು ಅಶ್ವತಿ. “ಮುಯಲ್ ಅಲ್ಲ?”

“ಅಲ್ಲ.”

ಅವಳು ಸ್ವಲ್ಪ ಹೊತ್ತು ಕೆಮ್ಮಿದಳು. ಅದು ಕೆಮ್ಮಲ್ಲವೆಂದು ನನಗೂ ಗೊತ್ತಾಯಿತು. ಆಮೇಲೆ ಪಟ್ಟಿಯ ಮೇಲೆ ಪೆನ್ನು ಆಡಿಸುತ್ತಾ ಯೋಚಿಸಿದಳು. ಮೊಲ ಬಂದಿಲ್ಲ, ಮೇಷ್ಟ್ರು ಎದ್ದಿಲ್ಲ, ಎರಡು ಕಡೆ ಖಾಲಿ ಇದ್ದ ಜಾಗಕ್ಕೆ ಈಯಮ್ಮ ಒಬ್ಬರೇ ಆದರು. ಮಕ್ಕಳ ತಾಯಂದಿರು ಆಗಲೇ ಅಶ್ವತಿಯನ್ನು ಹಿಡಿದು, ಮತ್ತೆ ಯಾವಾಗ ಎಂದು ಕೇಳಿದ್ದರಂತೆ. ಇಷ್ಟನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ, ಅವಳು ಗೌರಮ್ಮಣ್ಣಿಯ ಕಡೆ ತಿರುಗಿ ಒಂದೇ ಮಾತು ಕೇಳಿದಳು.

“ನಾಳೆ?”

ಅದು ಗೌರಮ್ಮಣ್ಣಿಗೆ ಎರಡೂ ಭಾಷೆಯಲ್ಲಿ ಬರುತ್ತಿತ್ತು. “ನಾಳೆ” ಎಂದು ತಲೆಯಾಡಿಸಿ, ಚಮಚದಲ್ಲಿ ಉಳಿದಿದ್ದ ಗಂಜಿಯನ್ನು ನನ್ನ ಬಾಯಿಗಿಟ್ಟಳು. ನಾವು ಗೋವಾದಲ್ಲಿ ಇಳಿಯಲಿಲ್ಲ.

ಕೊನೆಯ ಪಾಠದ ಹೊತ್ತಿಗೆ ನಾನು ಗೋಡೆ ಹಿಡಿದು ನಡೆಯುವಂತಾಗಿದ್ದೆ. ನಾನಿದ್ದೇನೆ ಎಂದು ತೋರಿಸಿಕೊಳ್ಳಬೇಕಿತ್ತು. ಕೋಣೆಯ ಹೊರಗಿನ ಹಲಗೆಯ ಮೇಲೆ ಜಲವರ್ಣ ಎಂದು ಬರೆದದ್ದನ್ನು ಒರೆಸಿ ಬನ್ನಿ ಆಂಟಿ ಎಂದು ಬರೆದಿದ್ದರು. ಒಳಗೆ ಐವತ್ತು ಜನರಾದರೂ ಇದ್ದರು. ಎಲ್ಲರೂ ತಲೆ ತಗ್ಗಿಸಿ ಕಟ್ಟುತ್ತಿದ್ದರು, ನಡುವೆ ಗೌರಮ್ಮಣ್ಣಿ ಅವರಿವರ ಕೈ ತಿದ್ದುತ್ತಾ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವರಿಗೆ ಅರ್ಥವಾಗುತ್ತಿತ್ತು. ಮೂವತ್ತು ವರ್ಷ ನಾನು ಅಷ್ಟು ತಗ್ಗಿದ ತಲೆಗಳನ್ನು ಒಂದು ತರಗತಿಯಲ್ಲೂ ಕಂಡಿರಲಿಲ್ಲ. ಹೊಟ್ಟೆಯಲ್ಲಿ ಮತ್ತೆ ಏನೋ ಎದ್ದಿತು. ಈ ಸಲ ಸಮುದ್ರದ ಮೇಲೆ ಹಾಕುವಂತಿರಲಿಲ್ಲ, ಅಂದು ಸಮುದ್ರ ಸುಮ್ಮನಿತ್ತು.

ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದ ಗುಜರಾತಿ ಅಜ್ಜ ನನ್ನ ಕಡೆ ದಾರ ತಳ್ಳಿ, ಹೊಸಬರೋ ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ. ಮೂವತ್ತೊಂದು ವರ್ಷ ಅವಳು ದಿನವೂ ದೇವರ ಮುಂದೆ ಕೂತು ಹೂ ಕಟ್ಟುವುದನ್ನು ನೋಡಿದ್ದವನು, ಆ ಕೈಯನ್ನು ನೋಡಿರಲಿಲ್ಲ. ಕುಣಿಕೆ ಯಾವ ಬೆರಳಿನಿಂದ ಶುರುವಾಗುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಕಟ್ಟಿದ್ದು ನಾಲ್ಕು ಹೂವಾಗುವಷ್ಟರಲ್ಲಿ ಮೂರು ಉದುರಿದವು. ಗೌರಮ್ಮಣ್ಣಿ ಸಾಲಿನಲ್ಲಿ ಬಂದಳು, ನನ್ನ ಮಾಲೆ ಎತ್ತಿ ನೋಡಿದಳು. ಬಿಚ್ಚಿ, ಮತ್ತೆ ಕಟ್ಟಿ, ನನ್ನ ಕೈಗೇ ಕೊಟ್ಟು ಮುಂದಕ್ಕೆ ಹೋದಳು.

ಊರಿಗೆ ಬಂದ ಮೇಲೆ ಅವಳ ಮೂರು ಪಾಠದ ಮುಯ್ಯಿ ನನ್ನ ಮೇಲಿದೆ ಎಂದು ನಾನೇ ಹೇಳಿದೆ. ಹಂಗಳಕ್ಕೆ ಹೋಗಿ ಅವಳ ತಮ್ಮನ ಹೊಲದಲ್ಲಿ ಮೂರು ದಿನ ಹೂ ಕಿತ್ತೆ. ಮೊದಲ ದಿನ ಮಧ್ಯಾಹ್ನಕ್ಕೇ ಭಾವಮೈದ ಬಂದು, “ಭಾವ, ನೀವು ನೆಳ್ಳಲ್ಲಿ ಕೂತ್ಕಳಿ, ಕಿತ್ತಿದ್ದೇ ಬೇಕಾದಷ್ಟಾಯ್ತು” ಎಂದ. ನನ್ನ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಪುಟ್ಟಮಾದಪ್ಪನ ಮಾತೇ ವಾಸಿಯಾಗಿತ್ತು ಅನ್ನಿಸಿತು.

ಮೊನ್ನೆ ಹಡಗಿನವರಿಂದ ಇನ್ನೊಂದು ಕಾಗದ ಬಂದಿದೆ. ಮುಂದಿನ ಓಣಂಗೆ, ಅದೇ ದಾರಿ, ನಾಲ್ಕು ಪಾಠ. ಕಾಗದ ಇರುವುದು ಶ್ರೀಮತಿ ಗೌರಮ್ಮಣ್ಣಿಯವರ ಹೆಸರಿಗೆ. ಜೊತೆಗೆ ಒಬ್ಬರನ್ನು ಕರೆತರಬಹುದು. ಕಂಪ್ಯೂಟರಿನಲ್ಲಿ ಫಾರಂ ತುಂಬುವ ಕೆಲಸ ನನಗೆ ಬಂತು. ಅವಳು ಹಿಂದೆ ನಿಂತು ರೊಟ್ಟಿ ತಟ್ಟುತ್ತಿದ್ದಳು. ಅವಳ ಹೆಸರು, ವಿಳಾಸ, ಕಲಿಸುವ ವಿದ್ಯೆ ಎಲ್ಲ ತುಂಬಿದೆ. ಜೊತೆಗೆ ಬರುವವರ ಹೆಸರಿನ ಜಾಗದಲ್ಲಿ, ನನ್ನದೇ ಹಾಕಲೋ ಬೇಡವೋ ಎಂದು ಕೇಳದೆ ಹಾಕಿದೆ. ಮುಂದಿನ ಸಾಲಿಗೆ ಬಂದು ನಿಂತೆ.

“ಏನ್ ಕೇಳ್ತಾವ್ರ?” ಎಂದಳು.

“ಜೊತೇಲಿ ಬರೋರು ಫುಲ್ಲಾ ಹಾಫಾ ಅಂತ. ದೊಡ್ಡವರಾದರೆ ಫುಲ್ಲು, ಮಕ್ಕಳಾದರೆ ಹಾಫು.” ನಗಿಸೋಣ ಎಂದುಕೊಂಡು, “ನಂಗೆ ಯಾವುದು ಹಾಕನ?” ಎಂದೆ.

ಅವಳು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ತಿರುಗದೆ ಹೇಳಿದಳು.

“ಪೂರಾ ಅಂತ್ಲೇ ಹಾಕಿ. ಕಮ್ಮಿ ಬಿದ್ರ ನಾನ್ ಅವ್ನಲ್ಲ.”

ಅವಳು ನಮ್ಮವ್ವನನ್ನು ನೋಡಿಲ್ಲ. ನಾನು ಪೂರಾ ಆಳಿನ ಮುಂದೆ ರೈಟ್ ಮಾರ್ಕು ಹಾಕಿದೆ.